ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಬೈಕಿಗೆ ಸ್ಕ್ಯಾನರ್ ಹಾಕುವಾಗ

ಪ್ರಶ್ನೆ: ಕಾರಿಗೆಂದು ಕೊಂಡ ಬ್ಲೂಟೂತ್ ಓಬಿಡಿ ಅಡಾಪ್ಟರ್ (ವಾಹನದ ದೋಷದ ಕೋಡ್‌ಗಳನ್ನು ಓದಿ ಮೊಬೈಲಿಗೆ ಕಳಿಸುವ ಸ್ಕ್ಯಾನರ್) ಇದೆ. ಅದನ್ನೇ ಬೈಕಿಗೆ ಬಳಸಬಹುದೇ? ಅಂಥ ಅಗಲವಾದ ಸಾಕೆಟ್ ಬೈಕಿನಲ್ಲಿ ಎಲ್ಲೂ ಕಾಣುತ್ತಿಲ್ಲ.

ಉತ್ತರ: ಕಾರಿನದು 16 ಪಿನ್ನಿನ ಸಾಕೆಟ್. ಈಚಿನ ಬೈಕುಗಳಲ್ಲಿ ಸೀಟಿನ ಕೆಳಗೋ ಬ್ಯಾಟರಿ ಪಕ್ಕದಲ್ಲೋ 6 ಪಿನ್ನಿನ ಪುಟ್ಟ ಕನೆಕ್ಟರ್ ಇರುತ್ತದೆ. ಹೆಚ್ಚಾಗಿ ಕೆಂಪು ಬಣ್ಣದ್ದು, ಮೇಲೊಂದು ಮುಚ್ಚಳ. 6ರಿಂದ 16ಕ್ಕೆ ಹೊಂದಿಸುವ ಕೇಬಲ್ ಸಿಗುತ್ತದೆ. ಕೀ ಆಫ್ ಇರುವಾಗಲೇ ಕೇಬಲ್ ಸಿಕ್ಕಿಸಿ, ನಂತರ ಕೀ ಆನ್ ಮಾಡಿ, ಕಿಲ್ ಸ್ವಿಚ್ ಅನ್ನು 'ರನ್' ಸ್ಥಾನಕ್ಕೆ ತನ್ನಿ. ಹಲವು ಬೈಕುಗಳಲ್ಲಿ ಕಿಲ್ ಸ್ವಿಚ್ ಆಫ್ ಇದ್ದರೆ ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಕರೆಂಟೇ ಹೋಗುವುದಿಲ್ಲ. 'ಕನೆಕ್ಟ್ ಆಗುತ್ತಿಲ್ಲ' ಎಂಬ ದೂರಿಗೆ ಎಷ್ಟೋ ಸಲ ಇದೊಂದೇ ಕಾರಣ. ಅದೂ ಸರಿಯಿದ್ದರೆ ಅಡಾಪ್ಟರ್ ಮೇಲೆಯೇ ಅನುಮಾನಪಡಿ. ಇಸಿಯು ಸ್ಕ್ಯಾನರ್ ಜೊತೆ ಮಾತಾಡುವ ಭಾಷೆಗಳಲ್ಲಿ ಕ್ಯಾನ್ ಒಂದು, ಕೆ-ಲೈನ್ ಇನ್ನೊಂದು. ಇಂಥ ಅಡಾಪ್ಟರುಗಳಲ್ಲಿ ಬಳಸುವ ಇಎಲ್ಎಂ327 ಚಿಪ್ಪಿನ ಅಗ್ಗದ ನಕಲುಗಳಲ್ಲಿ ಕೆಲವು ಕ್ಯಾನ್ ಭಾಷೆಯನ್ನಷ್ಟೇ ಬಲ್ಲವು, ಕೆ-ಲೈನ್ ಬೈಕಿನ ಮುಂದೆ ಮೂಕವಾಗುತ್ತವೆ.

ಕನೆಕ್ಟ್ ಆದರೂ ಸಾಮಾನ್ಯ ಆ್ಯಪ್‌ನಲ್ಲಿ ಸಿಗುವುದು ಎಂಜಿನ್ ಕೋಡ್‌ಗಳು ಮತ್ತು ಲೈವ್ ಡೇಟಾ (ಸೆನ್ಸರ್‌ಗಳ ಆ ಕ್ಷಣದ ಅಂಕಿಗಳು) ಮಾತ್ರ. ಎಬಿಎಸ್ ಕೋಡ್ ಓದಲು ಆ ಕಂಪನಿಯ ಬೈಕಿಗೆಂದೇ ಮಾಡಿದ ಸಾಧನ ಬೇಕಾಗುತ್ತದೆ.

ಪ್ರಶ್ನೆ: ಸ್ಕ್ಯಾನರಿನಲ್ಲಿ ಪಿ0118 ಕೋಡ್ (ಕೂಲಂಟ್ ತಾಪಮಾನ ಸೆನ್ಸರಿನ ತಂತಿಯಲ್ಲಿ ವೋಲ್ಟೇಜ್ ಹೆಚ್ಚು) ಬಂತು. ಕೂಲಂಟ್ ತಾಪಮಾನ ಸೆನ್ಸರ್ ಹೊಸದು ಹಾಕಿಸಿದೆ. ಮತ್ತೆ ಅದೇ ಕೋಡ್, ಫ್ಯಾನ್ ಬೇರೆ ನಿಲ್ಲದೆ ತಿರುಗುತ್ತಿದೆ. ಇಸಿಯು ಕೆಟ್ಟಿದೆಯೇ?

ಉತ್ತರ: ಇಸಿಯು ಬದಲಿಸುವ ಮಾತು ಸದ್ಯಕ್ಕೆ ಬೇಡ. ಇಸಿಯುಗೆ ಸೆನ್ಸರ್ ಕಾಣುವುದಿಲ್ಲ, ಒಂದು ತಂತಿಯ ಮೇಲಿನ ವೋಲ್ಟೇಜ್ ಅಷ್ಟೇ ಕಾಣುತ್ತದೆ. ಅದು ಒಳಗಿನ ರೆಸಿಸ್ಟರ್ ಮೂಲಕ ಆ ತಂತಿಗೆ 5 ವೋಲ್ಟ್ ಕೊಡುತ್ತದೆ. ಬಿಸಿ ಏರಿದಂತೆ ಸೆನ್ಸರಿನ ರೆಸಿಸ್ಟೆನ್ಸ್ ಇಳಿದು ವೋಲ್ಟೇಜೂ ಇಳಿಯುತ್ತದೆ. ತಂತಿ ಎಲ್ಲೇ ಕಡಿದಿರಲಿ, ವೋಲ್ಟೇಜ್ 5ರ ಹತ್ತಿರವೇ ನಿಲ್ಲುತ್ತದೆ. ಆಗ ಪಿ0118. ನಂಬಲರ್ಹ ಅಳತೆ ಇಲ್ಲದ್ದರಿಂದ ಎಂಜಿನ್ ಕಾಯದಿರಲೆಂದು ಇಸಿಯು ಫ್ಯಾನನ್ನು ಓಡಿಸುತ್ತಲೇ ಇರುತ್ತದೆ.

ಕೀ ಆಫ್ ಮಾಡಿ ಸೆನ್ಸರಿನ ಕನೆಕ್ಟರ್ ಬಿಚ್ಚಿ. ಕೀ ಆನ್ ಮಾಡಿ ವೈರಿಂಗ್ ಕಡೆಯ ಪಿನ್‌ಗಳನ್ನು ಮಲ್ಟಿಮೀಟರಿನಿಂದ ನೋಡಿ: ಒಂದರಲ್ಲಿ ಸುಮಾರು 5 ವೋಲ್ಟ್ ಇರಬೇಕು. 12 ಕಂಡರೆ ಅಲ್ಲಿಗೇ ನಿಲ್ಲಿಸಿ. 5 ಇದ್ದರೆ ಎರಡೂ ಪಿನ್‌ಗಳನ್ನು ತೆಳು ತಂತಿಯಿಂದ ಸೇರಿಸಿ, ಲೈವ್ ಡೇಟಾ ನೋಡಿ. ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿದ್ದ ಅಂಕಿ ಒಮ್ಮೆಲೇ ನೂರು ದಾಟಿ ಮೇಲೇರಿದರೆ ಇಸಿಯು, ವೈರಿಂಗ್ ಎರಡೂ ಸರಿ. ತಪ್ಪು ಸೆನ್ಸರಿನದು ಅಥವಾ ಸಡಿಲವಾದ ಪಿನ್ನಿನದು. ಅಂಕಿ ಕದಲದಿದ್ದರೆ 5 ವೋಲ್ಟಿನ ಪಿನ್ನನ್ನು ನೇರ ಬ್ಯಾಟರಿ ಮೈನಸ್‌ಗೆ ಮುಟ್ಟಿಸಿ. ಆಗ ಏರಿತೆಂದರೆ ಕಡಿದಿರುವುದು ಅರ್ಥಿಂಗ್ ತಂತಿ. ಆ ಪಿನ್ನಿನಲ್ಲಿ ಮೊದಲೇ 5 ವೋಲ್ಟ್ ಇಲ್ಲದಿದ್ದರೆ ಸಿಗ್ನಲ್ ತಂತಿಯನ್ನು ಇಸಿಯುವರೆಗೆ ಹಿಂಬಾಲಿಸಬೇಕು.

ಸೆನ್ಸರನ್ನೂ ಬಿಡಿಯಾಗಿ ಅಳೆಯಿರಿ. ಹಲವು ಬೈಕುಗಳಲ್ಲಿ 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು. ನಿಖರ ಅಂಕಿಗೆ ಸರ್ವಿಸ್ ಮ್ಯಾನ್ಯುಯಲ್ ನೋಡಿ. ನಿಮ್ಮದು ಹೊಸ ಸೆನ್ಸರ್ ಆದ್ದರಿಂದ ಪಿನ್‌ಗಳ ಹಸಿರು ಕಿಲುಬು, ಬಾಯಿ ಅಗಲವಾದ ಟರ್ಮಿನಲ್, ಎಂಜಿನ್ ನಡುಗುವ ಜಾಗದಲ್ಲಿ ಮೇಲ್ಕವಚದೊಳಗೇ ಕಡಿದ ತಂತಿ, ಇವನ್ನೇ ಮೊದಲು ಹುಡುಕಿ. ಲೈವ್ ಡೇಟಾ ಕಣ್ಣೆದುರಿಗಿಟ್ಟುಕೊಂಡು ವೈರಿಂಗನ್ನು ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತ ಹೋದರೆ ಅಂಕಿ ಹಾರಿದಲ್ಲೇ ದೋಷ.

ಪ್ರಶ್ನೆ: ಒಂದೇ ದಿನ ಥ್ರಾಟಲ್ ಸೆನ್ಸರ್, ಮ್ಯಾಪ್ ಸೆನ್ಸರ್ (ಎಂಜಿನ್ ಒಳಗೆಳೆಯುವ ಗಾಳಿಯ ಒತ್ತಡ ಅಳೆಯುವಂಥದ್ದು) ಎಂದು ನಾಲ್ಕು ಕೋಡ್ ಬಂದಿವೆ. ಎಲ್ಲವನ್ನೂ ಬದಲಿಸಬೇಕೇ?

ಉತ್ತರ: ನಾಲ್ಕು ಸೆನ್ಸರ್‌ಗಳು ಮಾತಾಡಿಕೊಂಡು ಒಟ್ಟಿಗೆ ಕೆಡುವುದಿಲ್ಲ. ಬ್ಯಾಟರಿಯಿಂದ ಶುರು ಮಾಡಿ: ನಿಂತಾಗ 12.5 ವೋಲ್ಟ್ ಸುಮಾರು, ಸ್ಟಾರ್ಟರ್ ತಿರುಗುವಾಗ 10ಕ್ಕಿಂತ ಕೆಳಗಿಳಿಯಬಾರದು, ಎಂಜಿನ್ ಓಡುವಾಗ 13.5ರಿಂದ 14.5. ಇದು ಸರಿಯಿದ್ದರೆ ಈ ಸೆನ್ಸರ್‌ಗಳು ಹಂಚಿಕೊಳ್ಳುವ 5 ವೋಲ್ಟಿನ ತಂತಿ ನೋಡಿ. ಅಲ್ಲಿ 5 ಇಲ್ಲವಾದರೆ ಒಂದೊಂದೇ ಸೆನ್ಸರಿನ ಕನೆಕ್ಟರ್ ಬಿಚ್ಚುತ್ತ ಬನ್ನಿ. ಯಾವುದನ್ನು ಬಿಚ್ಚಿದಾಗ 5 ಮರಳಿತೋ ಅದು ಶಾರ್ಟ್ ಆಗಿದೆ.

ಪ್ರಶ್ನೆ: ಕೋಡ್ ಅಳಿಸಿದರೆ ಸಾಲದೇ?

ಉತ್ತರ: ದೋಷ ಉಳಿದಿದ್ದರೆ ಎಂಜಿನ್ ದೀಪ ಮತ್ತೆ ಬರುತ್ತದೆ. ಜೊತೆಗೆ ಕೋಡ್ ಬಿದ್ದ ಕ್ಷಣದ ಆರ್‌ಪಿಎಂ, ತಾಪಮಾನ ದಾಖಲಾದ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಹಳೆಯ ಇಂಜೆಕ್ಷನ್ ಬೈಕ್, ಸ್ಕ್ಯಾನರ್ ಇಲ್ಲ. ದಾರಿಯಿದೆಯೇ?

ಉತ್ತರ: ಇದೆ. ಎಂಜಿನ್ ದೀಪದ ಮಿನುಗು ಎಣಿಸಿ. ಹೋಂಡಾದ ಹಲವು ಮಾದರಿಗಳಲ್ಲಿ ಉದ್ದ ಮಿನುಗು ಒಂದಕ್ಕೆ 10, ಗಿಡ್ಡ ಮಿನುಗು ಒಂದಕ್ಕೆ 1. ಎರಡು ಉದ್ದ, ಒಂದು ಗಿಡ್ಡ ಬಂದರೆ 21, ಅಂದರೆ ಆಕ್ಸಿಜನ್ ಸೆನ್ಸರ್. ಹಳೆಯ ಕೋಡ್ ನೋಡಲು ಸರ್ವಿಸ್ ಕನೆಕ್ಟರಿನ ಎರಡು ತಂತಿ ಸೇರಿಸಬೇಕಾಗುತ್ತದೆ. ಯಾವೆರಡು ಎಂಬುದನ್ನು ಮ್ಯಾನ್ಯುಯಲ್‌ನಲ್ಲಿ ನೋಡದೆ ಕೈ ಹಾಕಬೇಡಿ, ಫ್ಯೂಸ್ ಹೋದೀತು.

ಪ್ರಶ್ನೆ: ಅಡಾಪ್ಟರನ್ನು ಬೈಕಿನಲ್ಲೇ ಬಿಡಬಹುದೇ?

ಉತ್ತರ: ಬೇಡ. ಕೀ ಆಫ್ ಮಾಡಿದರೂ ಕನೆಕ್ಟರಿನ ಒಂದು ಪಿನ್ನಿಗೆ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುತ್ತದೆ. ಅಡಾಪ್ಟರ್ 40 ಮಿಲಿಆಂಪ್ ಎಳೆಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ ಹತ್ತಿರಹತ್ತಿರ 1 ಆಂಪ್-ಅವರ್ ಆಯಿತು. 8 ಆಂಪ್-ಅವರ್‌ನ ಬ್ಯಾಟರಿಯಾದರೆ ಒಂದು ವಾರ ನಿಲ್ಲಿಸಿಟ್ಟ ಬೈಕ್ ಸ್ಟಾರ್ಟ್ ಆಗುವುದಿಲ್ಲ.