ಅಂಚೆಯಲ್ಲಿ ಹೊರಟ ನಾಣ್ಯಕ್ಕೆ ವಿಮೆ: ರಸೀದಿ ಇದ್ದರೂ ಕ್ಲೇಮು ಬೀಳುವುದೇಕೆ?

ಪ್ರಶ್ನೆ: ನನ್ನ ಸಂಗ್ರಹದ ಆರು ಹಳೆಯ ಬೆಳ್ಳಿ ನಾಣ್ಯ ಮತ್ತು ಒಂದು ಚಿನ್ನದ ಸವರನ್ ನಾಣ್ಯವನ್ನು ದೂರದ ಸಂಗ್ರಾಹಕರೊಬ್ಬರಿಗೆ ಮಾರಿದ್ದೇನೆ. ಫಾರಂನಲ್ಲಿ ಮೌಲ್ಯ ಬರೆದರೆ ಸಾಕು ಎಂದು ಕೊರಿಯರ್‌ನವರು ಹೇಳುತ್ತಾರೆ. ಅದೇ ವಿಮೆಯೇ? ಎಷ್ಟು ಮೊತ್ತಕ್ಕೆ ಮಾಡಿಸಲಿ?

ಉತ್ತರ: ಅದು ವಿಮೆಯಲ್ಲ. ಅಲ್ಲಿ ಬರೆಯುವುದು ಘೋಷಿತ ಮೌಲ್ಯ. ಪಾರ್ಸೆಲ್ ಕಳೆದರೆ ಕಂಪನಿಯ ಹೊಣೆ ಆ ಮೊತ್ತವನ್ನು ದಾಟುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಅನೇಕ ಕೊರಿಯರ್ ಕಂಪನಿಗಳು ನಾಣ್ಯ, ನೋಟುಗಳನ್ನು ಸಾಗಿಸುವುದೇ ಇಲ್ಲ, ಇಲ್ಲವೇ ಅವುಗಳಿಗೆ ಬಹಳ ಕಡಿಮೆ ಮಿತಿ ಇಟ್ಟಿರುತ್ತವೆ. ಹೆಚ್ಚುವರಿ ಶುಲ್ಕ ಕಟ್ಟಿದ್ದರೂ ಕ್ಲೇಮಿನ ದಿನ ಆ ಷರತ್ತೇ ಅಡ್ಡ ಬರುತ್ತದೆ. ಹಣ ಕಟ್ಟುವ ಮೊದಲು ನಿಷೇಧಿತ ವಸ್ತುಗಳ ಪಟ್ಟಿ ಓದಿ.

ದೇಶದಿಂದ ದೇಶಕ್ಕೆ ಹೋಗುವ ಅಂಚೆಯಲ್ಲಿ ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ ನಾಣ್ಯ ಹೋಗಬೇಕಾದದ್ದು ವಿಮೆ ಮಾಡಿಸಿದ ಟಪಾಲಿನಲ್ಲಿ. ಕಳಿಸುವ ಮತ್ತು ಪಡೆಯುವ ಎರಡೂ ದೇಶಗಳ ಕಾನೂನು ಒಪ್ಪಿದರೆ ಮಾತ್ರ ಮುಚ್ಚಿದ ರಿಜಿಸ್ಟರ್ಡ್ ಲಕೋಟೆ ನಡೆಯುತ್ತದೆ. ಕಸ್ಟಮ್ಸ್ ಫಾರಂನಲ್ಲಿ ನಾಣ್ಯವೆಂದೇ ಬರೆಯಿರಿ. ಸುಳ್ಳು ವಿವರ ಕೊಟ್ಟರೆ ವಿಮೆ ಕೈಬಿಟ್ಟಂತೆಯೇ.

ಅಂಚೆಯ ವಿಮಾ ಮಿತಿ ಸಾಲದಿದ್ದರೆ ಸಂಗ್ರಹ ವಸ್ತುಗಳಿಗೆಂದೇ ಇರುವ ಪ್ರತ್ಯೇಕ ಪಾಲಿಸಿ ನೋಡಿ. ಒಂದು ಪಾರ್ಸೆಲ್ಲಿಗೆ ಮಿತಿ ಎಷ್ಟು, ಯಾವ ಸೇವೆಯಲ್ಲಿ ಕಳಿಸಬೇಕು, ಸಹಿ ಕಡ್ಡಾಯವೇ, ಗೀರು ಬಿದ್ದು ಬೆಲೆ ಇಳಿದರೂ ಪರಿಹಾರ ಉಂಟೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೊನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಆದರೆ ಸಂಗ್ರಾಹಕರಿಗೆ ನಷ್ಟವಾಗುವುದು ಕಳವಿನಿಂದ ಮಾತ್ರವಲ್ಲ, ಗೀರಿನಿಂದಲೂ.

ಮೊತ್ತದ ಮಾತಿಗೆ ಬಂದರೆ, ಮುಖಬೆಲೆಯಾಗಲಿ ಲೋಹದ ಬೆಲೆಯಾಗಲಿ ಆಧಾರವಲ್ಲ. ಇಂದು ಅದೇ ಸ್ಥಿತಿಯ ನಾಣ್ಯ ಕೊಳ್ಳಲು ಬೀಳುವ ಬೆಲೆಯೇ ಆಧಾರ. ನಿಮ್ಮಲ್ಲಿ ಮಾರಾಟದ ಬಿಲ್ಲು ಇರುವುದರಿಂದ ಕೆಲಸ ಸುಲಭ. ಹೆಚ್ಚು ಬರೆದರೂ ಸಿಗುವುದು ನಿಜವಾದ ನಷ್ಟದಷ್ಟೇ. ಕಡಿಮೆ ಬರೆದರೆ ಕೆಲವು ಪಾಲಿಸಿಗಳು ಅದೇ ಅನುಪಾತದಲ್ಲಿ ಪರಿಹಾರ ಕಡಿತ ಮಾಡುತ್ತವೆ: ಅರ್ಧ ಮೌಲ್ಯಕ್ಕೆ ವಿಮೆ ಮಾಡಿಸಿ ಒಂದೇ ನಾಣ್ಯ ಕಳೆದರೂ ಅದರ ಅರ್ಧ ಬೆಲೆಯೇ ಕೈಗೆ ಬರುವುದು.

ಕ್ಲೇಮು ನಿಲ್ಲುವುದು ಒಳಗೆ ಏನಿತ್ತು ಎಂಬ ಪುರಾವೆಯ ಮೇಲೆ. ಪ್ರತಿ ನಾಣ್ಯದ ಎರಡೂ ಮುಖದ ಫೋಟೊ, ತೂಕ, ಗ್ರೇಡಿಂಗ್ (ತಜ್ಞರು ನಾಣ್ಯದ ಸ್ಥಿತಿ ನೋಡಿ ದರ್ಜೆ ಕೊಡುವುದು) ಆಗಿದ್ದರೆ ಪ್ರಮಾಣಪತ್ರದ ಸಂಖ್ಯೆ ದಾಖಲಿಸಿ. ಕೌಂಟರಿನಲ್ಲಿ ಪಾರ್ಸೆಲ್ಲಿನ ತೂಕ ರಸೀದಿಯ ಮೇಲೆ ಬರುವಂತೆ ನೋಡಿಕೊಳ್ಳಿ. ಆರು ಬೆಳ್ಳಿ ನಾಣ್ಯ ಮಾಯವಾದರೆ ಆ ತೂಕ ಹೇಳುತ್ತದೆ. ಆದರೆ ಸವರನ್ ತೂಗುವುದು 7.98 ಗ್ರಾಂ ಮಾತ್ರ, ಹತ್ತು ಗ್ರಾಂಗೆ ದುಂಡು ಮಾಡುವ ತಕ್ಕಡಿಯಲ್ಲಿ ಅದು ಕಾಣಿಸದೇ ಹೋಗಬಹುದು. ಹಾಗಾಗಿ ಪ್ಯಾಕ್ ಮಾಡುವುದನ್ನು ತಡೆಯಿಲ್ಲದೆ ವಿಡಿಯೊ ಮಾಡಿ. ಚಿನ್ನವನ್ನು ಬೇರೆ ಪಾರ್ಸೆಲ್ಲಿನಲ್ಲಿ, ಬೇರೆ ದಿನ ಕಳಿಸುವುದು ಇನ್ನೂ ಒಳ್ಳೆಯದು.

'ಪ್ಯಾಕಿಂಗ್ ಸರಿಯಿಲ್ಲ' ಎಂಬ ಕಾರಣಕ್ಕೂ ಕ್ಲೇಮುಗಳು ಬೀಳುತ್ತವೆ. ಬರೀ ಲಕೋಟೆ ಬೇಡ: ವಿಂಗಡಣೆ ಯಂತ್ರದ ಉರುಳೆಗಳ ನಡುವೆ ನಾಣ್ಯ ಕಾಗದ ಹರಿದು ಹೊರಬೀಳುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರು ಕಾಲಕ್ರಮೇಣ ಹಸಿರು ಜಿಗುಟು ಬಿಡುತ್ತದೆ, ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಕವರು ಬಳಸಿ. ರಟ್ಟಿನ ಹೋಲ್ಡರಾದರೆ ಸ್ಟೇಪಲ್ ಪಿನ್ನುಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲವಾದರೆ ಪಕ್ಕದ ನಾಣ್ಯಕ್ಕೆ ಗೀರು ಖಂಡಿತ. ಎರಡು ರಟ್ಟಿನ ನಡುವೆ ಬಿಗಿದು, ಸಣ್ಣ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಇನ್ನೊಂದರಲ್ಲಿಡಿ. ಕಿವಿಯ ಹತ್ತಿರ ಅಲ್ಲಾಡಿಸಿ. ಸ್ವಲ್ಪ ಸದ್ದು ಬಂದರೂ ಬಿಚ್ಚಿ ಮತ್ತೆ ಕಟ್ಟಿ. ವಿಳಾಸದ ಚೀಟಿಯಲ್ಲಿ ನಾಣ್ಯದ ಸುಳಿವೇ ಇರಬಾರದು.

ಪಡೆಯುವವರಿಗೂ ಮೊದಲೇ ತಿಳಿಸಿ: ಕತ್ತರಿ ಹಾಕುವ ಮುನ್ನ ಆರೂ ಬದಿ ಮತ್ತು ಅಂಟುಪಟ್ಟಿ ಕಾಣುವಂತೆ ವಿಡಿಯೊ ಶುರು ಮಾಡಲಿ. ಏನಾದರೂ ಕೊರತೆ ಕಂಡರೆ ಡಬ್ಬಿ, ತುಂಬಿದ ಕಾಗದ ಸಮೇತ ಎಲ್ಲವನ್ನೂ ಹಾಗೇ ಇಟ್ಟು ಅಂದೇ ಬರಹದಲ್ಲಿ ದೂರು ಕೊಡಲಿ. ಪರಿಶೀಲನೆಗೆ ಬಂದವರು ಮೊದಲು ಕೇಳುವುದು ಆ ಡಬ್ಬಿಯನ್ನೇ.