ಸಂಪಾದಕರ ಉತ್ತರ: ‘ಇಹೋ ದೆ ಲಾ ಲೂನಾ’ವನ್ನು ಹಾಡಿದವರು

(ಹಿಂದಿನ ಸಂಚಿಕೆಯ ಸಂಗೀತ ಅಂಕಣದಲ್ಲಿ ‘ಇಹೋ ದೆ ಲಾ ಲೂನಾ’, ಅಂದರೆ ‘ಚಂದ್ರನ ಮಗ’, ಎಂಬ ಸ್ಪ್ಯಾನಿಷ್ ಹಾಡಿನ ಬಗ್ಗೆ ಬಂದ ಕಿರುಬರಹವನ್ನು ಓದಿ ಧಾರವಾಡದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಇದು ಸ್ಪೇನಿನ ಹಳೆಯ ಜನಪದ ಕಥನಗೀತವೇ ಇರಬೇಕು, ‘ಕೆರೆಗೆ ಹಾರ’ ಕೇಳಿ ಬೆಳೆದವರಿಗೆ ಅದರ ಗುರುತು ಹತ್ತದೇ ಎಂಬುದು ಅವರ ಮೊದಲ ಮಾತು. ಮೊನ್ಸೆರಾತ್ ಕಬಾಯೆ, ಸಾರಾ ಬ್ರೈಟ್‌ಮನ್ ಅವರಂಥ ಒಪೆರಾ ತರಬೇತಿಯ ಕಂಠಗಳು ಇದನ್ನು ಹಾಡಿರುವಾಗ ಮೂಲ ಗಾಯಕಿಯ ‘ಭಾವವಿಲ್ಲದ’ ಧ್ವನಿಯನ್ನೇ ನಾವು ಮೇಲೆಂದದ್ದು ಅವರಿಗೆ ಒಪ್ಪಿಗೆಯಾಗಿಲ್ಲ. ಜಿಪ್ಸಿಗಳ ಕೈಗೆ ಚೂರಿ ಕೊಡುವ ಹಾಡನ್ನು ಹೊಗಳುವುದು ತರವೇ ಎಂದೂ ಕೇಳಿದ್ದಾರೆ. ಸಾಹಿತ್ಯವನ್ನು ಕನ್ನಡಿಸಿ ಪ್ರಕಟಿಸಬೇಕೆಂದು ಕೋರಿದ್ದಾರೆ.)

ಮಾನ್ಯರೆ,

ಹಾಡು ಜನಪದದ್ದಲ್ಲ. ಮ್ಯಾಡ್ರಿಡ್‌ನ ‘ಮೆಕಾನೊ’ ಎಂಬ ಮೂವರ ಪಾಪ್ ತಂಡ 1986ರಲ್ಲಿ ಹೊರತಂದ ‘ಎಂತ್ರೆ ಎಲ್ ಸಿಯೆಲೊ ಇ ಎಲ್ ಸುಎಲೊ’ ಎಂಬ ಆಲ್ಬಮ್ಮಿನಲ್ಲಿ ಇದು ಸೇರಿದೆ. ಸಾಹಿತ್ಯ, ಸಂಗೀತ ಎರಡೂ ತಂಡದ ಹೋಸೆ ಮರಿಯಾ ಕಾನೊ ಅವರವು. ಹಾಡಿದವರು ಆನಾ ತೊರ್ರೋಹಾ. ಮೂರನೆಯವರು ಹೋಸೆ ಮರಿಯಾ ಅವರ ತಮ್ಮ ನಾಚೊ ಕಾನೊ. ಸಿಂಥಸೈಜರುಗಳನ್ನು ನೆಚ್ಚಿಕೊಂಡು, ಹದಿಹರೆಯದವರ ಬೇಸರವನ್ನೂ ಪಾರ್ಟಿಗಳನ್ನೂ ಹಾಡುತ್ತ ಹೆಸರು ಮಾಡಿದ ತಂಡದಿಂದ ಇಂಥದ್ದೊಂದು ಕಥೆ ಬಂದದ್ದು ಆಗಲೂ ಅಚ್ಚರಿಯ ಸಂಗತಿಯೇ ಆಗಿದ್ದಿರಬೇಕು.

ಆದರೂ ನಿಮಗೆ ಜನಪದದ ವಾಸನೆ ಹತ್ತಿದ್ದರಲ್ಲಿ ಅರ್ಥವಿದೆ. ಸ್ಪೇನಿನಲ್ಲಿ ‘ರೊಮಾನ್ಸೆ’ ಎಂಬ ಕಥನಗೀತಗಳ ಪರಂಪರೆ ಶತಮಾನಗಳಿಂದ ಬಾಯಿಂದ ಬಾಯಿಗೆ ಹರಿದು ಬಂದಿದೆ. ಆ ಬಂಧವನ್ನು ಆಧುನಿಕ ಕಾವ್ಯಕ್ಕೆ ತಂದವರಲ್ಲಿ ಗ್ರನಾಡಾ ಸೀಮೆಯ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಪ್ರಮುಖರು. ಅವರ ‘ರೊಮಾನ್ಸೆರೊ ಹಿತಾನೊ’, ಅಂದರೆ ‘ಜಿಪ್ಸಿ ಕಥನಗೀತಗಳು’, 1928ರಲ್ಲಿ ಪ್ರಕಟವಾಯಿತು. ಅದರ ಮೊದಲ ಕವಿತೆಯಲ್ಲಿ ಚಂದ್ರ ಹೆಣ್ಣಿನ ರೂಪದಲ್ಲಿ ಕಮ್ಮಾರಸಾಲೆಗೆ ಇಳಿದು ಬರುತ್ತಾಳೆ, ಅಲ್ಲಿದ್ದ ಜಿಪ್ಸಿ ಮಗುವಿನ ಕೈ ಹಿಡಿದು ಆಕಾಶದ ದಾರಿಯಲ್ಲಿ ನಡೆದುಬಿಡುತ್ತಾಳೆ. ಹಿರಿಯರು ಕುದುರೆ ಏರಿ ಮರಳುವ ಹೊತ್ತಿಗೆ ಸಾಲೆಯಲ್ಲಿ ಅಳು ಮಾತ್ರ ಉಳಿದಿರುತ್ತದೆ. ಮಗುವನ್ನು ಬಯಸುವ ಚಂದ್ರ, ಅದನ್ನು ಕಳೆದುಕೊಳ್ಳುವ ಜಿಪ್ಸಿಗಳು: ಕಾನೊ ಅವರ ಹಾಡಿನ ಬೀಜ ಇಲ್ಲಿಯೇ ಕಾಣುತ್ತದೆ. ಹಾಡು ತಾನೊಂದು ಐತಿಹ್ಯವನ್ನು ಹೇಳುತ್ತಿದ್ದೇನೆಂದು ಮೊದಲ ಸಾಲಿನಲ್ಲೇ ಸಾರುತ್ತದೆ. ಹೊಸ ಬಟ್ಟೆಗೆ ಹಳೆಯ ಬಣ್ಣ ಹಾಕಿದ್ದಾರೆ, ಕೈ ಪಳಗಿದ್ದರಿಂದ ಗೊತ್ತಾಗುವುದಿಲ್ಲ.

ಕಥೆ ಹೀಗಿದೆ. ಜಿಪ್ಸಿ ಹೆಣ್ಣೊಬ್ಬಳು ತನ್ನ ಕುಲದ ಗಂಡನ್ನು ಮದುವೆಯಾಗಬೇಕೆಂದು ಬೆಳಗಿನ ತನಕ ಅಳುತ್ತ ಚಂದ್ರನನ್ನು ಬೇಡಿಕೊಳ್ಳುತ್ತಾಳೆ. ಗಂಡು ಸಿಗುತ್ತಾನೆ, ಆದರೆ ಅವನಿಂದ ಹುಟ್ಟುವ ಚೊಚ್ಚಲು ಮಗು ತನಗೆ ಸೇರಬೇಕು ಎಂದು ಚಂದ್ರ ಕರಾರು ಹಾಕುತ್ತಾಳೆ. (ಚಂದಮಾಮನಿಗೆ ಕೈತುತ್ತು ತೋರಿಸಿ ಮಕ್ಕಳಿಗೆ ಉಣಿಸುವ ನಮಗೆ ಈ ತಾಯ್ತನದ ಹಸಿವು ಒಗ್ಗಲು ಕೊಂಚ ಹೊತ್ತು ಬೇಕು.) ದಾಲ್ಚಿನ್ನಿ ಬಣ್ಣದ ಅಪ್ಪನಿಗೆ ಅಚ್ಚ ಬಿಳಿಯ ಮಗು ಹುಟ್ಟುತ್ತದೆ. ಕಣ್ಣು ಆಲಿವ್ ಬಣ್ಣದ್ದಾಗಿರದೆ ಬೂದಿ ಬಣ್ಣದ್ದಾಗಿರುತ್ತದೆ. ಇದು ಬೇರೆ ಕುಲದವನಿಗೆ ಹುಟ್ಟಿದ್ದೆಂದು ಗಂಡ ಚೂರಿ ಹಿಡಿದು ಹೆಂಡತಿಯನ್ನು ತಿವಿದು ಕೊಲ್ಲುತ್ತಾನೆ, ಮಗುವನ್ನು ಗುಡ್ಡದ ಮೇಲೆ ಬಿಟ್ಟುಬರುತ್ತಾನೆ. ಅಂದಿನಿಂದ ಮಗು ನಗುನಗುತ್ತಿದ್ದರೆ ಹುಣ್ಣಿಮೆ. ಅತ್ತರೆ ಚಂದ್ರ ಕ್ಷಯಿಸಿ, ಅದಕ್ಕೆ ತೊಟ್ಟಿಲಾಗುತ್ತಾಳೆ.

ನಿಮ್ಮ ಎರಡನೆಯ ಮಾತು ಇದಕ್ಕೇ ಅಂಟಿಕೊಂಡಿದೆ. ತೊರ್ರೋಹಾ ಅವರ ದನಿ ತಿಳಿಯಾಗಿದೆ, ಎತ್ತರದಲ್ಲಿದೆ, ಅದರಲ್ಲಿ ಕಂಪನ ಕಡಿಮೆ. ಲಯ ಮೂರರ ಎಣಿಕೆಯದು, ನಮ್ಮ ಲೆಕ್ಕದಲ್ಲಿ ತಿಶ್ರಕ್ಕೆ ಹತ್ತಿರ, ತೊಟ್ಟಿಲು ತೂಗಲು ಹೇಳಿ ಮಾಡಿಸಿದಂತಿದೆ. ಹೆಣ್ಣು ಬೇಡಿಕೊಳ್ಳುವಾಗಲೂ ಅದೇ ಲಯ, ಚೂರಿ ಇಳಿಯುವಾಗಲೂ ಅದೇ ಲಯ. ಕೊಲೆಗೆ ಮೀಸಲಾದ ಸಾಲುಗಳು ಬೆರಳೆಣಿಕೆಯವು. ಗಂಡ ಕೇಳುವ ಪ್ರಶ್ನೆ, ಅವನೇ ಕೊಟ್ಟುಕೊಳ್ಳುವ ತೀರ್ಪು, ತಿವಿತ, ಅಷ್ಟೇ. ಆ ಸಾಲುಗಳಿಗಾಗಿ ಗಾಯಕಿ ದನಿಯನ್ನು ನಡುಗಿಸುವುದಿಲ್ಲ, ತಡೆಯುವುದೂ ಇಲ್ಲ, ಹಿಂದಿನ ಚರಣದಲ್ಲಿ ಮಗುವಿನ ಬಣ್ಣವನ್ನು ಹೇಳಿದ ಅದೇ ನಿರಾಳದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಪಲ್ಲವಿ ಬಂದಾಗ ಮಾತು ಚಂದ್ರನ ಕಡೆ ತಿರುಗುತ್ತದೆ: ತಾಯಿಯಾಗಬಯಸುವ ನಿನಗೆ ಒಲಿಯುವವರು ಸಿಗಲಿಲ್ಲ ಸರಿ, ಚರ್ಮ ಹೊತ್ತ ಈ ಮಗುವನ್ನು ಕಟ್ಟಿಕೊಂಡು ಏನು ಮಾಡುತ್ತೀಯೆ ಎಂದು. ಇದು ಶಾಪವಲ್ಲ, ವಿಚಾರಣೆ. ನಿಮಗೆ ಭಾವವಿಲ್ಲದ್ದೆಂದು ತೋರಿದ್ದು ನಿರೂಪಕಿಯ ಅಂತರ. ನೀವೇ ನೆನಪಿಸಿದ ‘ಕೆರೆಗೆ ಹಾರ’ದಲ್ಲಿ ಭಾಗೀರಥಿ ಒಂದೊಂದೇ ಮೆಟ್ಟಿಲು ಏರಿದಂತೆ ನೀರೂ ಏರುತ್ತ ಬರುವ ಸಾಲುಗಳನ್ನು ನಮ್ಮ ಹೆಂಗಸರು ಬೇರೆ ಧಾಟಿಯಲ್ಲಿ ಹಾಡುತ್ತಾರೆಯೇ? ಅಳುವ ಕೆಲಸವನ್ನು ಕೇಳುವವರಿಗೆ ಬಿಟ್ಟಿರುತ್ತಾರೆ.

ಕಾನೊ ಅವರಿಗೆ ಈ ದನಿಯ ಬೆಲೆ ಗೊತ್ತಿತ್ತೆಂದು ನಂಬಲು ಅದೇ ಆಲ್ಬಮ್ಮಿನಲ್ಲಿ ಇನ್ನೊಂದು ಆಧಾರವಿದೆ. ‘ಕ್ರೂಸ್ ದೆ ನವಾಹಾಸ್’ ಎಂಬ ಅವರ ಹಾಡಿನಲ್ಲಿ ರಾತ್ರಿಪಾಳಿಯ ಗಂಡ, ಹಗಲು ದುಡಿಯುವ ಹೆಂಡತಿ, ಇವರಿಬ್ಬರ ನಡುವೆ ಬರುವ ಮೂರನೆಯವನು. ಅಲ್ಲಿಯೂ ಚೂರಿಯಿದೆ, ಗಂಡ ಸಾಯುತ್ತಾನೆ. ಕೊನೆಗೆ ಪತ್ರಿಕೆಯವರು ಅದನ್ನು ಮಾದಕವ್ಯಸನಿಗಳ ಹಲ್ಲೆಯೆಂದು ವರದಿ ಮಾಡುತ್ತಾರೆ. ಪತ್ರಿಕೆಯ ಭಾಷೆಯನ್ನು ತೊರ್ರೋಹಾ ಪತ್ರಿಕೆಯ ಭಾಷೆಯಾಗಿಯೇ ಹಾಡುತ್ತಾರೆ.

ಇನ್ನು ಮರುಗಾಯನಗಳು. ಇಟಾಲಿಯನ್ ಮತ್ತು ಫ್ರೆಂಚ್ ರೂಪಗಳನ್ನು ಮೆಕಾನೊ ತಂಡವೇ ಮುದ್ರಿಸಿತು, ಆದ್ದರಿಂದ ಅವನ್ನು ಮರುಗಾಯನವೆನ್ನುವುದಕ್ಕಿಂತ ಮೂಲದ ಒಡಹುಟ್ಟುಗಳೆನ್ನಬಹುದು. ‘ಲೂನಾ’ ಎಂಬ ಹೆಸರಿನಲ್ಲೇ ಹಾಡುವ ಡಚ್ ಗಾಯಕಿಯೊಬ್ಬರು 1990ರ ದಶಕದ ಕೊನೆಯಲ್ಲಿ ಇದನ್ನು ಸ್ಪ್ಯಾನಿಷ್‌ನಲ್ಲೇ ಹಾಡಿ ಜರ್ಮನಿಯ ಮನೆಮನೆಗೆ ಮುಟ್ಟಿಸಿದರು. ಕಿವಿಗೆ ಹಿತವಾದ ರೂಪ, ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನಿಲ್ಲ.

ಕಬಾಯೆ ವಿಷಯಕ್ಕೆ ಬಂದರೆ ತಕ್ಕಡಿ ಹಿಡಿಯಲು ಕೈ ಹಿಂಜರಿಯುತ್ತದೆ. ಬಾರ್ಸಿಲೋನಾದ ಈ ಸೊಪ್ರಾನೊ (ಎತ್ತರದ ಹೆಣ್ಣುದನಿಯ ಒಪೆರಾ ಗಾಯಕಿ) ಪಾಪ್ ಸಂಗೀತವನ್ನು ಕೀಳಾಗಿ ಕಂಡವರಲ್ಲ, ‘ಕ್ವೀನ್’ ರಾಕ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಜೊತೆ ತಮ್ಮ ಊರಿನ ಹೆಸರಿನಲ್ಲೇ ಒಂದು ಆಲ್ಬಮ್ ಹಾಡಿದವರು. ಅವರ ಉಸಿರಿನ ಹಿಡಿತ, ಮೇಲಿನ ಸ್ವರವನ್ನು ಎಳೆಯಷ್ಟು ತೆಳ್ಳಗೆ ನಿಲ್ಲಿಸುವ ಶಕ್ತಿ ಪ್ರಶ್ನಾತೀತ. ಆದರೆ ಒಪೆರಾದಲ್ಲಿ ಹಾಡುವವಳು ಪಾತ್ರವೇ ಆಗಿರುತ್ತಾಳೆ. ಈ ಹಾಡಿನಲ್ಲಿ ಹೆಣ್ಣು, ಗಂಡ, ಚಂದ್ರ, ಮಗು ಎಲ್ಲರೂ ಇದ್ದಾರೆ, ಹಾಡುವವರಿಗೆ ಮಾತ್ರ ಪಾತ್ರವಿಲ್ಲ. ಅಷ್ಟು ದೊಡ್ಡ ಕಂಠ ಹೊರಗೆ ನಿಲ್ಲಲಾರದೆ ಕಥೆಯೊಳಗೆ ಕಾಲಿಡುತ್ತದೆ. ಬ್ರೈಟ್‌ಮನ್ ಅವರು 2000ದ ‘ಲಾ ಲೂನಾ’ ಆಲ್ಬಮ್ಮಿನಲ್ಲಿ ಹಾಡಿದ್ದು ಇದಕ್ಕೆ ತದ್ವಿರುದ್ಧ. ಚಂದ್ರನನ್ನೇ ವಸ್ತುವಾಗಿ ಇಟ್ಟುಕೊಂಡ ಆ ಆಲ್ಬಮ್ಮಿಗೆ ಈ ಹಾಡು ಸಹಜವಾಗಿ ಒಪ್ಪುತ್ತದೆ, ವಾದ್ಯವೃಂದದ ಮೇಲೆ ದನಿ ತೇಲುತ್ತದೆ, ಬೆಳದಿಂಗಳು ಧಾರಾಳವಾಗಿ ಸುರಿಯುತ್ತದೆ; ರಕ್ತ ಮಾತ್ರ ಕಾಣಿಸುವುದಿಲ್ಲ. ನನ್ನ ಕಿವಿಗೆ ಇವೆರಡಕ್ಕಿಂತ ಹೆಚ್ಚು ಹಿಡಿಸಿದ್ದು, ನೀವು ನಗಬಹುದು, ಜರ್ಮನಿಯ ‘ಹ್ಯಾಗರ್ಡ್’ ಎಂಬ ಮೆಟಲ್ ತಂಡದ 2008ರ ರೂಪ. ಗಿಟಾರಿನ ಅಬ್ಬರದ ಜೊತೆ ಶಾಸ್ತ್ರೀಯ ವಾದ್ಯಗಳನ್ನು ಕೂಡಿಸುವ ಈ ತಂಡ ಹಿಂಸೆಯ ಭಾರವನ್ನೆಲ್ಲ ವಾದ್ಯಗಳ ಮೇಲೆ ಹೊರಿಸಿ, ಹಾಡುವ ಹೆಣ್ಣುದನಿಯನ್ನು ಕಥೆ ಹೇಳಲು ಬಿಟ್ಟಿದೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದುದು, ಅದನ್ನು ಪೂರ್ತಿ ತಳ್ಳಿಹಾಕಲಾರೆ. ಸ್ಪೇನಿನ ಹಿತಾನೊಗಳು, ಅಂದರೆ ಅಲ್ಲಿನ ಜಿಪ್ಸಿಗಳು, ಆ ನೆಲದಲ್ಲಿ ಕಾಣಿಸಿಕೊಂಡ ಮೊದಲ ದಾಖಲೆ 1425ರದು. ಅವರ ಮೂಲಭಾಷೆ ನಮ್ಮ ಉತ್ತರ ಭಾರತದ ಭಾಷೆಗಳ ಬಳಗದ್ದು. 1749ರಲ್ಲಿ ಆರನೆಯ ಫರ್ಡಿನಾಂಡ್ ದೊರೆಯ ಆಡಳಿತ ಒಂದೇ ಏಟಿಗೆ ಸಾವಿರಾರು ಹಿತಾನೊಗಳನ್ನು ಸೆರೆಹಿಡಿದು ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಕಡೆ ದುಡಿಮೆಗೆ ಹಾಕಿತ್ತು. ಇಂಥ ಚರಿತ್ರೆಯಿರುವ ಜನರನ್ನು ಮಾಟ, ಮತ್ಸರ, ಚೂರಿಗಳ ಜೊತೆಗಷ್ಟೇ ನೆನೆಯುವುದು ಸ್ಪೇನಿನ ಕಲೆಗೆ ಅಂಟಿದ ಹಳೆಯ ಚಾಳಿ. ಲೋರ್ಕಾ ಅವರೇ ಜಿಪ್ಸಿಕವಿ ಎಂಬ ಹಣೆಪಟ್ಟಿಗೆ ಬೇಸತ್ತು, ಜಿಪ್ಸಿಗಳು ತನಗೊಂದು ವಸ್ತು ಮಾತ್ರವೆಂದು ಗೆಳೆಯನಿಗೆ ಬರೆದಿದ್ದರು. ಮೆಕಾನೊದ ಹಾಡೂ ಆ ಚಾಳಿಯಿಂದ ಹೊರಗಿಲ್ಲ. ಆದರೂ ಹಾಡು ಗಂಡನ ಪಕ್ಷ ವಹಿಸುವುದಿಲ್ಲವೆಂಬುದನ್ನು ಗಮನಿಸಿ. ಹೆಂಡತಿ ನಿರಪರಾಧಿ ಎಂಬುದು ಕೇಳುಗರಿಗೆ ಮೊದಲೇ ತಿಳಿದಿದೆ, ಮಗುವಿನ ಬಣ್ಣಕ್ಕೆ ಕಾರಣವೂ ತಿಳಿದಿದೆ, ತಿಳಿಯದವನು ಅವನೊಬ್ಬನೇ. ಹೊಗಳುವಾಗ ಈ ಎರಡನ್ನೂ ನಮ್ಮ ಅಂಕಣ ಹೇಳಬೇಕೆಂಬ ನಿಮ್ಮ ಒತ್ತಾಯ ನ್ಯಾಯವಾದದ್ದು.

ಸಾಹಿತ್ಯದ ಪೂರ್ಣ ಅನುವಾದವನ್ನು ಪ್ರಕಟಿಸುವುದು ಸಾಧ್ಯವಿಲ್ಲ, ಹಾಡಿನ ಹಕ್ಕುಸ್ವಾಮ್ಯ ಇನ್ನೂ ಜೀವಂತವಾಗಿದೆ. ಮೇಲೆ ಕೊಟ್ಟ ಸಾರವನ್ನು ಎದುರಿಗಿಟ್ಟುಕೊಂಡು ಮೊದಲು ತೊರ್ರೋಹಾ ಅವರನ್ನು, ಆಮೇಲೆ ಕಬಾಯೆ ಅವರನ್ನು, ಚೂರಿಯ ಚರಣದ ಕಡೆ ಕಿವಿಗೊಟ್ಟು, ಮತ್ತೊಮ್ಮೆ ಕೇಳಿ. ಅನಂತರವೂ ನಿಮ್ಮ ಮತ ಕಬಾಯೆ ಅವರಿಗೇ ಬಿದ್ದರೆ ದಯವಿಟ್ಟು ಬರೆಯಿರಿ, ಆ ಪತ್ರವನ್ನು ಪೂರ್ತಿಯಾಗಿ ಪ್ರಕಟಿಸುತ್ತೇವೆ.

– ಸಂಪಾದಕ