ಓದುಗರ ಪ್ರಶ್ನೆ: ಮನೆಯಲ್ಲೇ ಕೂತು ಪ್ರವಾಸದ ವ್ಯವಹಾರ

ಪ್ರಶ್ನೆ: ಖಾಸಗಿ ವಿಮಾ ಕಂಪನಿಯಲ್ಲಿ ಹದಿನಾರು ವರ್ಷ ದುಡಿದಿದ್ದೇನೆ. ಕೆಲಸ ಬಿಟ್ಟು ಮನೆಯಿಂದಲೇ ಪ್ರವಾಸ ಸಲಹೆಯ ವ್ಯವಹಾರ ಶುರುಮಾಡುವ ಆಸೆ. 60,000 ರೂಪಾಯಿ ಕಟ್ಟಿದರೆ ಫ್ರಾಂಚೈಸಿ ಕೊಡುತ್ತೇವೆ ಎಂದು ಒಂದು ಸಂಸ್ಥೆ ಹಿಂದೆ ಬಿದ್ದಿದೆ. ಕಟ್ಟಬಹುದೇ?
— ಓದುಗರು, ದಾವಣಗೆರೆ

ಉತ್ತರ: ಕಟ್ಟಬೇಡಿ. ಇಂಥ ಫ್ರಾಂಚೈಸಿಯಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಒಂದು ಬುಕಿಂಗ್ ಪೋರ್ಟಲ್‌ನ ಲಾಗಿನ್, ಜೊತೆಗೆ ಬಣ್ಣದ ಬ್ರೋಷರ್. ಏಜೆಂಟರಿಗೆಂದೇ ಇರುವ ಬಿ-ಟು-ಬಿ ಪೋರ್ಟಲ್‌ಗಳಿಗೆ ಪ್ಯಾನ್, ಆಧಾರ್, ಬ್ಯಾಂಕ್ ವಿವರ ಕೊಟ್ಟರೆ ಅಂಥದೇ ಲಾಗಿನ್ ಪುಕ್ಕಟೆಯಾಗಿಯೋ ಅಲ್ಪ ಹಣಕ್ಕೋ ಸಿಗುತ್ತದೆ. ಐಯಾಟಾ (ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ಮಾನ್ಯತೆಯೂ ಆರಂಭದಲ್ಲಿ ಬೇಕಿಲ್ಲ.

ಟಿಕೆಟ್ ನಂಬಿಕೊಂಡು ಸಂಬಳ ಬಿಡುವಂತಿಲ್ಲ. ಅಧಿಕೃತ ರೈಲ್ವೆ ಏಜೆಂಟರೇ ಒಂದು ಇ-ಟಿಕೆಟ್‌ಗೆ ಪಡೆಯಬಹುದಾದ ಸೇವಾ ಶುಲ್ಕ ಎಸಿ ಅಲ್ಲದ ದರ್ಜೆಗೆ 20 ರೂಪಾಯಿ, ಎಸಿಗೆ 40, ಮೇಲೆ ಜಿಎಸ್‌ಟಿ. ವಿಮಾನದ ಟಿಕೆಟ್ ಗ್ರಾಹಕರ ಮೊಬೈಲಿನಲ್ಲೇ ಇದೆ. ನಿಮ್ಮ ಸಂಪಾದನೆ ಇರುವುದು ಯೋಜನೆ ಮಾಡಿಕೊಡುವ ಶುಲ್ಕದಲ್ಲಿ, ಹೋಟೆಲ್ ಮತ್ತು ಗಾಡಿಯವರು ನಿಮಗೆ ಕೊಡುವ ನೆಟ್ ರೇಟಿನಲ್ಲಿ, ಅಂದರೆ ಏಜೆಂಟರಿಗೆಂದು ಇಳಿಸಿದ ದರದಲ್ಲಿ.

ಅದಕ್ಕೆ ಎಲ್ಲ ದೇಶಗಳ ಹೆಸರು ಬರೆದ ಬೋರ್ಡು ಹಾಕದೆ ಒಂದೇ ಮಾರ್ಗ ಹಿಡಿಯಿರಿ. ಕಾಶಿ–ಪ್ರಯಾಗ–ಗಯಾ ಎಂದಿಟ್ಟುಕೊಳ್ಳಿ. ಕಾಶಿಯಿಂದ ಪ್ರಯಾಗಕ್ಕೆ ಸುಮಾರು 125 ಕಿ.ಮೀ., ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಗಯೆಗೆ ಸುಮಾರು 250 ಕಿ.ಮೀ. ಅದನ್ನೂ ಒಂದೇ ದಿನಕ್ಕೆ ತುರುಕುವವರಿದ್ದಾರೆ. ಪಿಂಡ ಪ್ರದಾನ ಮುಗಿಯುವ ತನಕ ಹಿರಿಯರು ಊಟ ಮಾಡುವುದಿಲ್ಲ. ಹಿಂದಿನ ರಾತ್ರಿಯೇ ಗಯೆ ಸೇರಿರಬೇಕು. ಕಾಶಿಯಲ್ಲಿ ವಿಶ್ವನಾಥ ದೇವಸ್ಥಾನದ ಹತ್ತಿರದ ಗೋದೌಲಿಯಾ ಸುತ್ತ ದೊಡ್ಡ ಗಾಡಿ ಬಿಡುವುದಿಲ್ಲ. ‘ದೇವಸ್ಥಾನದ ಹತ್ತಿರ’ ಎಂದು ಹಾಕಿಕೊಂಡ ಹೋಟೆಲಿಗೆ ಫೋನ್ ಮಾಡಿ ಕೇಳಿ: ಟಿಟಿ (ಟೆಂಪೊ ಟ್ರಾವೆಲರ್) ಎಲ್ಲಿವರೆಗೆ ಬರುತ್ತದೆ, ಅಲ್ಲಿಂದ ಎಷ್ಟು ನಡೆಯಬೇಕು, ಲಿಫ್ಟ್ ಇದೆಯೇ? ಮಂಡಿನೋವಿನ ತಾಯಿಯನ್ನು ಕರೆದೊಯ್ಯುವ ಮಗ ನಿಮಗೆ ಶುಲ್ಕ ಕೊಡುವುದು ಈ ಉತ್ತರಕ್ಕೆ. ಮೊದಮೊದಲು ಒಂದು ಯೋಜನೆಗೆ 1,500 ರೂಪಾಯಿ ಕೇಳಿ. ಬುಕಿಂಗ್ ನಿಮ್ಮಲ್ಲೇ ಮಾಡಿದರೆ ಬಿಲ್ಲಿನಲ್ಲಿ ಕಳೆಯಿರಿ. ಪುಕ್ಕಟೆ ಕೊಟ್ಟರೆ ಅದೇ ಕಾಗದ ಹಿಡಿದು ಇನ್ನೊಬ್ಬರ ಹತ್ತಿರ ಚೌಕಾಸಿಗೆ ಹೋಗುತ್ತಾರೆ.

ಕೆಲಸ ಈಗಲೇ ಬಿಡಬೇಡಿ. ದಸರಾ ರಜೆ ಮತ್ತು ಬೇಸಿಗೆ ರಜೆ, ಈ ಎರಡು ಸೀಸನ್ ಪಕ್ಕದ ಕೆಲಸವಾಗಿ ಮಾಡಿ ನೋಡಿ. ಮಳೆಗಾಲದಲ್ಲಿ ಫೋನೇ ಬರದ ವಾರಗಳಿರುತ್ತವೆ, ಮನೆ ಖರ್ಚಿಗೆ ಎತ್ತಿಟ್ಟ ದುಡ್ಡು ಇರಲಿ.

ಪ್ರಶ್ನೆ: ನನ್ನ ಐಆರ್‌ಸಿಟಿಸಿ ಐಡಿಯಲ್ಲೇ ನೆರೆಹೊರೆಯವರಿಗೆ 50 ರೂಪಾಯಿ ಪಡೆದು ಟಿಕೆಟ್ ಮಾಡಿಕೊಡುತ್ತಿದ್ದೇನೆ. ಈಗ ಅದನ್ನೇ ಬೆಳೆಸಬೇಕೆಂದಿದ್ದೇನೆ. ನೋಂದಣಿ, ಜಿಎಸ್‌ಟಿ ಏನೇನು ಬೇಕು?
— ಓದುಗರು, ಹಾಸನ

ಉತ್ತರ: ಮೊದಲು ಅದನ್ನು ನಿಲ್ಲಿಸಿ. ಸ್ವಂತ ಐಡಿಯಲ್ಲಿ ಟಿಕೆಟ್ ಮಾಡಿ ದುಡ್ಡು ಪಡೆಯುವುದು 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಅಪರಾಧ; ಮೂರು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಧಿಕೃತ ಏಜೆಂಟ್ ಐಡಿ ತೆಗೆದುಕೊಂಡರೂ ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಏಜೆಂಟರಿಗೆ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ತತ್ಕಾಲ್ ಮಾಡಿಕೊಡುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡಿ.

ಸಣ್ಣ ಉದ್ಯಮಗಳಿಗಿರುವ ‘ಉದ್ಯಮ್’ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ. ದುಡ್ಡು ಕೇಳುವ ಜಾಲತಾಣಗಳು ಮಧ್ಯವರ್ತಿಗಳದ್ದು. ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಟ್ರಾವೆಲ್ ಏಜೆಂಟರ ನೋಂದಣಿ ವಿಚಾರಿಸಿ.

ಜಿಎಸ್‌ಟಿಯಲ್ಲಿ ಎಡವುವವರು ಜಾಸ್ತಿ. ಸೇವೆಗಳಿಗೆ ಮಿತಿ ವರ್ಷಕ್ಕೆ 20 ಲಕ್ಷ ಎಂದು ಕೇಳಿ ನೆಮ್ಮದಿಯಾಗಿರುತ್ತಾರೆ. ಆದರೆ ಅದು ಲಾಭದ ಲೆಕ್ಕವಲ್ಲ, ವಹಿವಾಟಿನ ಲೆಕ್ಕ. ತಲಾ 35,000ದ ಪ್ಯಾಕೇಜಿಗೆ 12 ಜನರಿದ್ದರೆ ನಿಮ್ಮ ಬಿಲ್ಲು 4,20,000. ಇಂಥ ಐದು ಗುಂಪಿಗೆ 21 ಲಕ್ಷ; ನಿಮಗೆ ಉಳಿದದ್ದು ಒಂದು ಲಕ್ಷವೇ ಇರಲಿ, ಮಿತಿ ದಾಟಿದಿರಿ. ಹೋಟೆಲ್, ಗಾಡಿಯ ಬಿಲ್ಲು ನೇರ ಗ್ರಾಹಕರ ಹೆಸರಿಗೇ ಹೋಗಿ, ನೀವು ಸಲಹಾ ಶುಲ್ಕಕ್ಕೆ ಮಾತ್ರ ಬಿಲ್ಲು ಕೊಟ್ಟರೆ ಲೆಕ್ಕ ಬೇರೆ. ಯಾವ ದಾರಿ ಎಂದು ಮೊದಲ ಬಿಲ್ಲಿಗೆ ಮುಂಚೆಯೇ ಆಡಿಟರ್ ಹತ್ತಿರ ಕೂತು ತೀರ್ಮಾನಿಸಿ. ವಿದೇಶದ ಪ್ಯಾಕೇಜ್ ಮಾರಿದರೆ ಟಿಸಿಎಸ್ (ಮಾರುವವರೇ ಗ್ರಾಹಕರಿಂದ ಪಡೆದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ವಸೂಲಿ ಮಾಡಿ ಕಟ್ಟುವ ಹೊಣೆಯೂ ಬರುತ್ತದೆ, ಅದಕ್ಕೆ ಆದಾಯ ತೆರಿಗೆ ಇಲಾಖೆಯ ಟ್ಯಾನ್ ನಂಬರ್ ಬೇಕು.

ಪ್ರಶ್ನೆ: 12 ಜನರ ಗುಂಪಿಗೆ ತಲಾ 1,500 ಲಾಭ ಇಟ್ಟು ಐದು ರಾತ್ರಿಯ ಪ್ರವಾಸ ಮಾಡಿಸಿದೆ. ಕೊನೆಯಲ್ಲಿ ಇಬ್ಬರು ಬರಲಿಲ್ಲ, ಪೂರ್ತಿ ಹಣ ವಾಪಸ್ ಕೊಟ್ಟೆ. 15,000 ಆದರೂ ಉಳಿಯಬೇಕಿತ್ತು, ಕೈಯಿಂದ 5,000 ಹೋಯಿತು. ಟಿಟಿಗೆ 48,000, ಇಬ್ಬರ ಕೋಣೆಗೆ ರಾತ್ರಿಗೆ 2,400 ಕೊಟ್ಟಿದ್ದೆ. ಎಲ್ಲಿ ತಪ್ಪಿತು?
— ಓದುಗರು, ಮೈಸೂರು

ಉತ್ತರ: ಗಾಡಿಯ ಬಾಡಿಗೆ ತಲೆ ಎಣಿಸಿ ಕಡಿಮೆಯಾಗುವುದಿಲ್ಲ. ನೀವು 48,000ವನ್ನು 12ರಿಂದ ಭಾಗಿಸಿ ತಲಾ 4,000 ಹಾಕಿದಿರಿ. ಇಬ್ಬರು ತಪ್ಪಿದಾಗ 8,000 ನಿಮ್ಮ ಮೇಲೆ ಬಿತ್ತು. ಆ ಇಬ್ಬರು ಬೇರೆ ಬೇರೆ ಕೋಣೆಯವರಿರಬೇಕು: ಅರ್ಧ ಕೋಣೆ 1,200, ಐದು ರಾತ್ರಿಗೆ 6,000, ಇಬ್ಬರದು 12,000. ಹದಿನೈದು ಸಾವಿರದಲ್ಲಿ ಇಪ್ಪತ್ತು ಸಾವಿರ ಕಳೆಯಿರಿ. ಗಂಡ-ಹೆಂಡತಿ ಒಟ್ಟಿಗೆ ತಪ್ಪಿದ್ದರೆ, ಆ ಒಂದು ಕೋಣೆಯನ್ನು ಹೋಟೆಲಿನವರು ಗಡುವಿನೊಳಗೆ ರದ್ದು ಮಾಡಲು ಒಪ್ಪಿದ್ದರೆ, 7,000 ಉಳಿಯುತ್ತಿತ್ತು.

ಮುಂದಿನ ಸಲ 12 ಸೀಟಿನ ಗಾಡಿಗೆ 9 ಜನರ ಮೇಲೆ ದರ ಹಾಕಿ, ಗಾಡಿಯ ಪಾಲು ತಲಾ ಸುಮಾರು 5,350 ಬರುತ್ತದೆ. ಬುಕಿಂಗ್ ದಿನವೇ ವಿಮಾನದ ಟಿಕೆಟ್ ಮತ್ತು ಗಾಡಿಯ ಪಾಲು ಪಡೆಯಿರಿ, ಅದು ವಾಪಸಿಲ್ಲ ಎಂದು ಬರೆದುಕೊಡಿ; ಉಳಿದದ್ದು ಹೊರಡುವುದಕ್ಕೆ 30 ದಿನ ಮೊದಲು. ಜೊತೆಗಾರರು ತಪ್ಪಿ ಒಬ್ಬರೇ ಕೋಣೆಯಲ್ಲಿ ಉಳಿದರೆ ಎಷ್ಟು ಹೆಚ್ಚು ಕೊಡಬೇಕು ಎನ್ನುವುದೂ ಅದೇ ಕಾಗದದಲ್ಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಹೆಬ್ಬೆರಳಿನ ಚಿತ್ರಕ್ಕೆ ತೃಪ್ತರಾಗದೆ ‘ಒಪ್ಪಿದೆ’ ಎಂದು ಬರೆಸಿಕೊಳ್ಳಿ. ಗಾಡಿಯವರಿಂದಲೂ ಟೋಲ್, ಪಾರ್ಕಿಂಗ್, ಪರ್ಮಿಟ್, ಡ್ರೈವರ್ ಬಾಟಾ ಸೇರಿದೆಯೋ ಇಲ್ಲವೋ ಬರಹದಲ್ಲೇ ಪಡೆಯಿರಿ. ಗ್ರಾಹಕರ ಮುಂಗಡ ನಿಮ್ಮ ಮನೆ ಖರ್ಚಿನ ಖಾತೆಗೆ ಬೀಳಕೂಡದು. ಬೇರೆ ಖಾತೆ ತೆರೆಯಿರಿ.

ಪ್ರಶ್ನೆ: ದುಬೈಗೆ ಹೊರಟ ಗ್ರಾಹಕರೊಬ್ಬರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರೂ ಒಂದೇ ಪದ. ತೊಂದರೆಯೇ?
— ಓದುಗರು, ಕಲಬುರಗಿ

ಉತ್ತರ: ತೊಂದರೆಯೇ. ನಮ್ಮಲ್ಲಿ ಇನಿಷಿಯಲ್ ಬಿಟ್ಟು ಬರೀ ಹೆಸರು ಬರೆಸಿದ ಪಾಸ್‌ಪೋರ್ಟ್‌ಗಳು ಬಹಳ. ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ಸಂದರ್ಶಕರಿಗೆ ಯುಎಇ 2022ರ ನವೆಂಬರ್‌ನಿಂದ ಪ್ರವೇಶ ನಿರ್ಬಂಧಿಸಿದೆ. ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟದ ಸ್ಕ್ಯಾನನ್ನು ವೀಸಾ ಮಾಡುವವರಿಗೆ ಕಳಿಸಿ ಮೊದಲೇ ಕೇಳಿ. ಕೊನೆಯ ಪುಟದ ತಂದೆಯ ಹೆಸರನ್ನು ಪರಿಗಣಿಸುವುದುಂಟು. ಆಗದಿದ್ದರೆ ಸರ್‌ನೇಮ್ ಸೇರಿಸಿ ರೀ-ಇಶ್ಯೂಗೆ ಅರ್ಜಿ ಹಾಕಿಸಿ. ವೀಸಾ ಕೈಗೆ ಬಂದ ಮೇಲಷ್ಟೇ ಟಿಕೆಟ್ ಮಾಡಿ.